ಗ್ರಾಫಿಕ್ಸ್ ಕಾರ್ಡ್ ಡಬ್ಬದ ಮೇಲೆ ಎರಡು ಹೆಸರು, ಜಗಳ ಮಾತ್ರ ಒಂದಕ್ಕೇ

ಹೋದ ದಸರಾ ರಜೆಗೆ ಕಂಪ್ಯೂಟರಿನಲ್ಲಿ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ದಾವಣಗೆರೆಯಿಂದ ಚಿಕ್ಕಮ್ಮನ ಮಗ ಬೆಂಗಳೂರಿಗೆ ಬಂದಿದ್ದ. ಜೇಬಲ್ಲಿ ನಲವತ್ತು ಸಾವಿರ, ಬಾಯಲ್ಲಿ ಒಂದೇ ಮಾತು: "ಅಣ್ಣಾ, ಎನ್ವಿಡಿಯಾನೇ ಬೇಕು." ಸರಿ ನಡಿ ಅಂತ ಕಂಪ್ಯೂಟರ್ ಸಾಮಾನಿಗೆ ಹೆಸರಾದ ಎಸ್.ಪಿ. ರೋಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಕೌಂಟರ್ ಮೇಲೆ ಎರಡು ಡಬ್ಬ ಇಟ್ಟರು. ಎರಡರ ಮೇಲೂ ದಪ್ಪ ಅಕ್ಷರದಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 5060 ಟಿಐ. ಒಂದಕ್ಕೆ ಮೂರು ಫ್ಯಾನು, ಅಂಚಿಗೆಲ್ಲ ಬಣ್ಣದ ಲೈಟು. ಇನ್ನೊಂದು ಮೋಟು, ಎರಡೇ ಫ್ಯಾನು, ಲೈಟಿಲ್ಲ, ನೋಡಿದರೆ ಅಯ್ಯೋ ಪಾಪ ಅನ್ನಿಸುವಂಥದ್ದು. ಬೆಲೆಯಲ್ಲಿ ಹೆಚ್ಚುಕಡಿಮೆ ಎರಡು ಸಾವಿರದ ವ್ಯತ್ಯಾಸ. "ಸರ್, ಮೂರು ಫ್ಯಾನಿಂದು ಫಾಸ್ಟ್ ಮೂವಿಂಗ್" ಅಂದರು ಅಂಗಡಿಯವರು. ಹುಡುಗ ಆಗಲೇ ಅದರ ಮೇಲೆ ಕೈ ಇಟ್ಟಿದ್ದ. ನಾನು ಡಬ್ಬ ತಿರುಗಿಸಿ ಮೂಲೆಯ ಸಣ್ಣ ಅಕ್ಷರ ತೋರಿಸಿದೆ. ಮೂರು ಫ್ಯಾನಿನದ್ದರಲ್ಲಿ 8 ಜಿಬಿ ಮೆಮೊರಿ. ಮೋಟು ಕಾರ್ಡಿನಲ್ಲಿ 16 ಜಿಬಿ. ಹೆಸರು ಒಂದೇ, ಸಾಮಾನು ಬೇರೆ.

ಈ ಮೂಲೆ ಓದದೆ ದುಡ್ಡು ಕೊಟ್ಟು ಬಂದವರು ನನ್ನ ಪರಿಚಯದಲ್ಲೇ ನಾಲ್ಕೈದು ಜನ ಇದ್ದಾರೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಯಾವ ಬ್ರ್ಯಾಂಡ್ ಒಳ್ಳೇದು? ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳಿ ಸಾಕಾಗಿದೆ. ಇಲ್ಲಿ ಒಟ್ಟಿಗೆ ಬರೆದುಬಿಡುತ್ತೇನೆ.

ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು

ನಮ್ಮ ಪ್ರೈವೇಟ್ ಬಸ್ಸುಗಳನ್ನು ನೋಡಿರುತ್ತೀರಿ. ಎಂಜಿನ್ನು, ಚಾಸಿ ಒಂದು ಕಂಪನಿಯದು. ಅದರ ಮೇಲೆ ಬಾಡಿ ಕಟ್ಟುವವರು ಬೇರೆ. ಗ್ರಾಫಿಕ್ಸ್ ಕಾರ್ಡೂ ಹಾಗೆಯೇ. ಒಳಗಿನ ಚಿಪ್ ಎನ್ವಿಡಿಯಾ, ಎಎಂಡಿ, ಇಂಟೆಲ್ ಈ ಮೂವರಲ್ಲಿ ಒಬ್ಬರದು. ಆ ಚಿಪ್ಪಿಗೆ ಬೋರ್ಡು, ಫ್ಯಾನು, ಹೀಟ್‌ಸಿಂಕ್ ಹಾಕಿ ಡಬ್ಬಕ್ಕೆ ತುಂಬುವವರು ಏಸಸ್, ಎಂಎಸ್‌ಐ, ಗಿಗಾಬೈಟ್, ಝೋಟ್ಯಾಕ್, ಸಫೈರ್ ಮುಂತಾದವರು. ಆಟ ಎಷ್ಟು ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಚಿತ್ರ) ಓಡುತ್ತದೆ ಅನ್ನುವುದನ್ನು ಚಿಪ್ ನಿರ್ಧರಿಸುತ್ತದೆ. ಎಷ್ಟು ಸದ್ದು ಮಾಡುತ್ತದೆ, ಎಷ್ಟು ಬಿಸಿಯಾಗುತ್ತದೆ, ಕೆಟ್ಟರೆ ಯಾರ ಬಾಗಿಲು ತಟ್ಟಬೇಕು ಅನ್ನುವುದೆಲ್ಲ ಬಾಡಿ ಕಟ್ಟಿದವರಿಗೆ ಸೇರಿದ್ದು.

ಜನ ಕಿತ್ತಾಡುವುದು ಮೊದಲನೇ ಹೆಸರಿಗೆ. ಎನ್ವಿಡಿಯಾದವರದು ಹಸಿರು ಪಕ್ಷ, ಎಎಂಡಿಯವರದು ಕೆಂಪು ಪಕ್ಷ ಅಂತ ಎರಡು ಪಂಗಡ. ತಮಾಷೆ ಅಂದರೆ ಈ ಮೂವರ ಈಗಿನ ಗೇಮಿಂಗ್ ಚಿಪ್‌ಗಳೂ ತಯಾರಾಗುವುದು ಟಿಎಸ್‌ಎಂಸಿ ಅನ್ನುವ ಒಂದೇ ತೈವಾನ್ ಕಂಪನಿಯ ಕಾರ್ಖಾನೆಗಳಲ್ಲಿ. ಎನ್ವಿಡಿಯಾ ನಡೆಸುವ ಜೆನ್ಸನ್ ಹುವಾಂಗ್, ಎಎಂಡಿ ನಡೆಸುವ ಲೀಸಾ ಸು ಇಬ್ಬರೂ ತೈವಾನಿನಲ್ಲಿ ಹುಟ್ಟಿದವರು, ಸಂಬಂಧದಲ್ಲಿ ನೆಂಟರು ಬೇರೆ. ನಮ್ಮೂರಿನ ಕಂಪನಿ ಅಂತ ಅಭಿಮಾನ ತೋರಿಸೋಣ ಅಂದರೂ ಆಗುವುದಿಲ್ಲ. ಮೂವರಿಗೂ ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಕಚೇರಿಗಳಿವೆ. ಎಎಂಡಿ ತನ್ನ ಅತಿ ದೊಡ್ಡ ಡಿಸೈನ್ ಸೆಂಟರ್ ಅಂತ ಹೇಳಿಕೊಂಡ ಕ್ಯಾಂಪಸ್ಸನ್ನು 2023ರಲ್ಲಿ ತೆರೆದದ್ದೂ ಇಲ್ಲೇ.

ಹಾಗಾಗಿ ಪಕ್ಷದ ಯೋಚನೆ ಬಿಡಿ. ಮೊದಲು ನಿಮ್ಮ ಮೇಜಿನ ಮೇಲಿನ ಮಾನಿಟರ್ ನೋಡಿ.

ಮಾನಿಟರ್ ಎಷ್ಟಿದೆಯೋ ಕಾರ್ಡ್ ಅಷ್ಟಕ್ಕೆ

ಮಾನಿಟರ್ 1080ಪಿ (ಪರದೆಯ ಚುಕ್ಕಿಗಳ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟು ಚಿತ್ರ ಸ್ಪಷ್ಟ), 60 ಹರ್ಟ್ಜ್ (ಸೆಕೆಂಡಿಗೆ 60 ಚಿತ್ರ) ಇದ್ದು ಆಡುವುದು ವ್ಯಾಲರಂಟ್, ಕೌಂಟರ್ ಸ್ಟ್ರೈಕ್, ಜಿಟಿಎ 5 ಇಷ್ಟೇ ಆದರೆ ಈ ಲೇಖನ ಓದುವ ಅಗತ್ಯವೇ ನಿಮಗಿಲ್ಲ. ಆರ್‌ಎಕ್ಸ್ 6600 ಥರದ ಹಳೆಯ ಕಾರ್ಡ್ ಕೂಡ ಧಾರಾಳವಾಗಿ ಸಾಕು. 1080ಪಿಯಲ್ಲೇ 144 ಅಥವಾ 180 ಹರ್ಟ್ಜ್ ಮಾನಿಟರ್ ಇದ್ದು ಹೊಸ ಆಟ ಆಡಬೇಕು ಅಂದರೆ ಎನ್ವಿಡಿಯಾದ 5060, ಎಎಂಡಿಯ 9060 ಎಕ್ಸ್‌ಟಿ ಹತ್ತಿರ ಬರಬೇಕು. 1440ಪಿ ಮಾನಿಟರ್ ಇದ್ದರೆ 9060 ಎಕ್ಸ್‌ಟಿ 16 ಜಿಬಿ ಅಥವಾ 5060 ಟಿಐ 16 ಜಿಬಿಯಿಂದ ಲೆಕ್ಕ ಶುರು. ಕೈ ಸಡಿಲ ಬಿಟ್ಟರೆ 9070, 5070, 9070 ಎಕ್ಸ್‌ಟಿ, 5070 ಟಿಐ. 4ಕೆ ಅಂದರೆ ಆ ಕೊನೆಯ ಎರಡರಿಂದ ಮೇಲೆ.

ನನ್ನ ಗೆಳೆಯನೊಬ್ಬ ಎಂಬತ್ತು ಸಾವಿರದ ಕಾರ್ಡ್ ತಂದು ಕಾಲೇಜು ದಿನಗಳ 60 ಹರ್ಟ್ಜ್ ಮಾನಿಟರ್‌ಗೆ ಸಿಕ್ಕಿಸಿ, "ಏನೂ ಫರಕ್ಕೇ ಕಾಣ್ತಿಲ್ಲ ಮಾರಾಯ" ಅಂತ ಒಂದು ವಾರ ಗೊಣಗಿದ್ದ. ಕಾಣುವುದಾದರೂ ಹೇಗೆ? ಕಾರ್ಡ್ ಸೆಕೆಂಡಿಗೆ 150 ಚಿತ್ರ ಕಳಿಸುತ್ತಿದೆ, ಮಾನಿಟರ್ ಅದರಲ್ಲಿ 60 ಮಾತ್ರ ತೋರಿಸುತ್ತಿದೆ.

ಇನ್ನು ಬೆಲೆ. ಕಂಪನಿಗಳು ಬೆಲೆ ಹೇಳುವುದು ಡಾಲರಿನಲ್ಲಿ, ತೆರಿಗೆ ಬಿಟ್ಟು. ಇಲ್ಲಿ ಅದರ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಡಾಲರ್ 85ರಿಂದ 90 ರೂಪಾಯಿ ಇದ್ದಾಗ ಡಾಲರ್ ಬೆಲೆಯನ್ನು 100ರಿಂದ 106ರೊಳಗೆ ಗುಣಿಸಿದರೆ ತೆರಿಗೆ ಸೇರಿದ ನ್ಯಾಯವಾದ ರೂಪಾಯಿ ಬೆಲೆ ಸಿಗುತ್ತದೆ. 299 ಡಾಲರಿನ 5060 ಇಲ್ಲಿ 30 ಸಾವಿರದ ಸುತ್ತ ಬಂದದ್ದು ಹೀಗೆ. ಅಂಗಡಿಯವರು ಇದಕ್ಕಿಂತ ಐದಾರು ಸಾವಿರ ಜಾಸ್ತಿ ಹೇಳಿದರೆ ಯಾಕೆ ಅಂತ ಕೇಳಿ. ಎಲ್ಲ ಸಲವೂ ಅವರದೇ ತಪ್ಪು ಅಂತಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳವರು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ಗಗನಕ್ಕೇರಿ ಅದರ ಬಿಸಿ ಗ್ರಾಫಿಕ್ಸ್ ಕಾರ್ಡಿಗೂ ತಟ್ಟಿದೆ.

ಎನ್ವಿಡಿಯಾನಾ, ಎಎಂಡಿನಾ?

ಮೊದಲು ಎನ್ವಿಡಿಯಾದ ಬಲ ಹೇಳುತ್ತೇನೆ, ಯಾಕೆಂದರೆ ಅದು ನಿಜವಾದ ಬಲ. ಆಟದಲ್ಲಿ ಬೆಳಕು, ನೆರಳನ್ನು ನಿಜದ ಹಾಗೆ ಲೆಕ್ಕ ಹಾಕುವ ರೇ ಟ್ರೇಸಿಂಗ್‌ನಲ್ಲಿ, ಅದರಲ್ಲೂ ಸೈಬರ್‌ಪಂಕ್ 2077 ಥರದ ಆಟದಲ್ಲಿ ಅದರದೇ ಭಾರಿ ರೂಪವಾದ ಪಾತ್ ಟ್ರೇಸಿಂಗ್ ಹಚ್ಚಿದಾಗ, ಇವರು ಮುಂದೆ. ಡಿಎಲ್‌ಎಸ್‌ಎಸ್ ಅನ್ನುವ ಅಪ್‌ಸ್ಕೇಲಿಂಗ್ ಬಹಳ ಆಟಗಳಲ್ಲಿ ಇದೆ. ಅಂದರೆ ಕಾರ್ಡ್ ಸಣ್ಣ ಚಿತ್ರ ಬಿಡಿಸಿ, ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಕೆಲಸ ಕಡಿಮೆ, ಎಫ್‌ಪಿಎಸ್ ಜಾಸ್ತಿ, ಚಿತ್ರದಲ್ಲಿ ಕೊರತೆ ಹುಡುಕಬೇಕು ಅಂದರೆ ಕಣ್ಣು ಕಿರಿದು ಮಾಡಬೇಕು. ಡಿಎಲ್‌ಎಸ್‌ಎಸ್ 4ರ ಸುಧಾರಿಸಿದ ಅಪ್‌ಸ್ಕೇಲಿಂಗ್ 2018ರ 20 ಸರಣಿಯ ಕಾರ್ಡಿಗೂ ಸಿಕ್ಕಿತು. ಇದು ಮೆಚ್ಚಬೇಕಾದ ಮಾತು. ಇನ್ನು ಆಟದ ಜೊತೆ ಓದು, ಕೆಲಸ ಇದ್ದರೆ, ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್, ವಿಡಿಯೋ ಎಡಿಟಿಂಗ್, ಕಾಲೇಜಿನ ಎಐ ಪ್ರಾಜೆಕ್ಟ್ ಏನೇ ಇರಲಿ, ಕುಡಾ (CUDA) ಅನ್ನುವ ಅವರ ಸಾಫ್ಟ್‌ವೇರ್ ಇದ್ದರೆ ತಲೆನೋವು ಅರ್ಧ ಕಡಿಮೆ. ಎಂಜಿನಿಯರಿಂಗ್ ಓದುವ ಹುಡುಗರಿಗೆ, ಹುಡುಗಿಯರಿಗೆ ನಾನು ಕಣ್ಣುಮುಚ್ಚಿ ಎನ್ವಿಡಿಯಾ ಅಂತಲೇ ಹೇಳುತ್ತೇನೆ.

ಈಗ ಅವರ ಮಾತಿನ ಮೋಡಿ. 2025ರ ಜನವರಿಯಲ್ಲಿ ಜೆನ್ಸನ್ ಹುವಾಂಗ್ ವೇದಿಕೆ ಹತ್ತಿ, 549 ಡಾಲರಿನ 5070 ಕಾರ್ಡು 4090ರಷ್ಟು ಓಡುತ್ತದೆ ಅಂತ ಹೇಳಿದರು. 4090 ಬಂದಾಗ ಅದರ ಬೆಲೆ 1599 ಡಾಲರ್. ಕೇಳಿದವರಿಗೆ ಲಾಟರಿ ಹೊಡೆದ ಹಾಗೆ ಆಯಿತು. ಒಳಗುಟ್ಟು ಏನೆಂದರೆ, ಅದು ಮಲ್ಟಿ ಫ್ರೇಮ್ ಜನರೇಷನ್ ಹಾಕಿದ ಲೆಕ್ಕ. ಕಾರ್ಡ್ ನಿಜವಾಗಿ ಒಂದು ಫ್ರೇಮ್ (ಅಂದರೆ ಒಂದು ಚಿತ್ರ) ಬಿಡಿಸಿ, ಮಧ್ಯೆ ಮೂರು ಫ್ರೇಮನ್ನು ಊಹೆಯಿಂದ ತುಂಬುತ್ತದೆ. ಮೂಲೆಯಲ್ಲಿ 120 ಅಂತ ಕಾಣುತ್ತದೆ, ಆದರೆ ಮೌಸ್ ತಿರುಗಿಸಿದರೆ 30ರಲ್ಲಿ ಆಡಿದ ಹಾಗೇ ತಡವಾಗಿ ತಿರುಗುತ್ತದೆ. ಸಾಂಬಾರಿಗೆ ನೀರು ಹಾಕಿ ಹತ್ತು ಜನಕ್ಕೆ ಬಡಿಸಿದ ಹಾಗೆ, ಎಲೆ ಏನೋ ತುಂಬುತ್ತದೆ. ಮೊದಲೇ 60-70 ಬರುತ್ತಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾರ್ಡುಗಳನ್ನು ಹೋಲಿಸುವಾಗ ಈ ಸಂಖ್ಯೆಯನ್ನು ಪಕ್ಕಕ್ಕಿಡಿ. ಡಿಎಲ್‌ಎಸ್‌ಎಸ್, ಎಎಂಡಿಯ ಅಂಥದ್ದೇ ಆದ ಎಫ್‌ಎಸ್‌ಆರ್ ಯಾವುದೂ ಇಲ್ಲದೆ ಎಷ್ಟು ಬರುತ್ತದೆ ಅಂತ ಮೊದಲು ನೋಡಿ.

ಎಎಂಡಿಯ ಬಲ ಇರುವುದು ಇಲ್ಲೇ. ಅದೇ ದುಡ್ಡಿಗೆ ನಿಜವಾದ ಫ್ರೇಮು, ಜೊತೆಗೆ ಜಾಸ್ತಿ ಮೆಮೊರಿ. 9060 ಎಕ್ಸ್‌ಟಿ 16 ಜಿಬಿ 2025ರ ಜೂನ್‌ನಲ್ಲಿ 349 ಡಾಲರಿಗೆ ಬಂತು. ಅದಕ್ಕೆ ಎದುರಾಳಿ 5060 ಟಿಐ 16 ಜಿಬಿಯ ಬೆಲೆ ಬಂದಾಗ 429 ಡಾಲರ್ ಇತ್ತು. ಸಾಮಾನ್ಯ ಆಟದಲ್ಲಿ ಎನ್ವಿಡಿಯಾ ಸ್ವಲ್ಪ ಮುಂದೆ, ರೇ ಟ್ರೇಸಿಂಗ್‌ನಲ್ಲಿ ಇನ್ನೂ ಸ್ವಲ್ಪ ಮುಂದೆ. ಆದರೆ 80 ಡಾಲರ್ ಅಂದರೆ ನಮ್ಮಲ್ಲಿ ಎಂಟು ಸಾವಿರ. ಆ ಎಂಟು ಸಾವಿರಕ್ಕೆ ಒಳ್ಳೆಯ ಎಸ್‌ಎಸ್‌ಡಿ ಬರುತ್ತಿತ್ತು, ಅದರ ಬೆಲೆಯೂ ಏರುವುದಕ್ಕೆ ಮುಂಚೆ. ಮೇಲಿನ ಸಾಲಿನಲ್ಲಿ, ಬಂದಾಗ 599 ಡಾಲರ್ ಇದ್ದ 9070 ಎಕ್ಸ್‌ಟಿ, 749 ಡಾಲರ್ ಇದ್ದ 5070 ಟಿಐ ಜೋಡಿಯ ಕಥೆಯೂ ಇದೇ. ಅದಕ್ಕಿಂತ ಮೇಲೆ, 5080, 5090ರ ಲೋಕದಲ್ಲಿ, ಎಎಂಡಿ ಈ ಸಲ ಸ್ಪರ್ಧೆಗೇ ಇಳಿಯಲಿಲ್ಲ. 5090 ಒಂದೇ 575 ವ್ಯಾಟ್ ಎಳೆಯುತ್ತದೆ. ಅಷ್ಟು ದುಡ್ಡು ಇರುವವರು ನನ್ನ ಸಲಹೆ ಕೇಳುತ್ತಾ ಕೂರುವುದಿಲ್ಲ ಬಿಡಿ.

ಎಎಂಡಿ ಡ್ರೈವರ್ (ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ಸರಿ ಇಲ್ಲ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದಕ್ಕೆ ಕಾರಣ ಇತ್ತು. 2019ರಲ್ಲಿ 5700 ಎಕ್ಸ್‌ಟಿ ಬಂದಾಗ ಆಟದ ಮಧ್ಯೆ ಪರದೆ ಕಪ್ಪಾಗುವ ಕಾಟ ಬಹಳ ಜನಕ್ಕೆ ಬಂದಿತ್ತು. ಆದರೆ 2025ರ ಶುರುವಿನಲ್ಲಿ 50 ಸರಣಿ ಬಂದಾಗ ಅದೇ ಕಪ್ಪು ಪರದೆ ಎನ್ವಿಡಿಯಾದವರನ್ನೂ ಕಾಡಿತು. ಈ ಒಂದು ಕಾರಣಕ್ಕೆ ಬೇಡ ಅನ್ನಬೇಡಿ. ನಿಜವಾದ ಕೊರತೆ ಬೇರೆ ಇದೆ. ಎಫ್‌ಎಸ್‌ಆರ್ 4 ಅನ್ನುವ ಅವರ ಹೊಸ ಅಪ್‌ಸ್ಕೇಲಿಂಗ್ ತುಂಬಾ ಚೆನ್ನಾಗಿದೆ, ಹಿಂದಿನ ಎಫ್‌ಎಸ್‌ಆರ್‌ನ ಮಂಕು, ಮಿಣುಕು ಎಲ್ಲ ಹೋಗಿದೆ. ಆದರೆ ಅದನ್ನು 9060, 9070 ಇರುವ 9000 ಸರಣಿಗೆಂದೇ ತಂದರು. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಈಗ ಹಿಂದಿನ ಸರಣಿಯ 7600 ಅಥವಾ 7700 ಎಕ್ಸ್‌ಟಿ ಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಲಿನಕ್ಸ್ ಬಳಸುವವರಿಗೆ ಮಾತ್ರ ನನ್ನ ಉತ್ತರ ಒಂದೇ, ಎಎಂಡಿ. ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ, ಹಾಕಿದ ತಕ್ಷಣ ಓಡುತ್ತದೆ.

ಇಂಟೆಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2024ರ ಡಿಸೆಂಬರ್‌ನಲ್ಲಿ ಬಂದ ಆರ್ಕ್ ಬಿ580 ಕಾರ್ಡಿಗೆ 249 ಡಾಲರ್, 12 ಜಿಬಿ. ಆ ಬೆಲೆಗೆ ಅಷ್ಟು ಮೆಮೊರಿ ಬೇರೆ ಇಬ್ಬರೂ ಕೊಡಲಿಲ್ಲ. ಆದರೆ ಇದಕ್ಕೆ ಹೊಸ ಪ್ರೊಸೆಸರ್ ಬೇಕು, ಮದರ್‌ಬೋರ್ಡಿನಲ್ಲಿ ರೀಸೈಝಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ ಸೌಲಭ್ಯ) ಆನ್ ಇರಬೇಕು. ಹಳೆಯ ಪ್ರೊಸೆಸರ್ ಜೊತೆ ಕಟ್ಟಿದರೆ ಮುಗ್ಗರಿಸುತ್ತದೆ. ಹಳೆಯ ಕಂಪ್ಯೂಟರಿಗೆ ಕಡಿಮೆ ದುಡ್ಡಿನಲ್ಲಿ ಹೊಸ ಕಾರ್ಡ್ ಹಾಕೋಣ ಅನ್ನುವವರಿಗೆ ಇದು ಒಪ್ಪುತ್ತದೆ ಅಂತ ಅನ್ನಿಸುತ್ತದೆ, ಆದರೆ ಒಪ್ಪದಿರುವುದು ಅವರಿಗೇ.

8 ಜಿಬಿಯ ಗೋಳು

ಮೆಮೊರಿ ಸಾಲದಿದ್ದರೆ ಏನಾಗುತ್ತದೆ? ಎಫ್‌ಪಿಎಸ್ ಕೌಂಟರ್ ಚೆನ್ನಾಗಿಯೇ ಇರುತ್ತದೆ. ಆದರೆ ಓಡುತ್ತಾ ಓಡುತ್ತಾ ಹೊಸ ಬೀದಿಗೆ ತಿರುಗಿದಾಗ ಅರೆಕ್ಷಣ ಎಲ್ಲ ನಿಂತುಹೋಗುತ್ತದೆ. ಇಲ್ಲವೇ ಗೋಡೆ, ಮುಖ, ಬಟ್ಟೆ ಎಲ್ಲ ಮೇಣದ ಗೊಂಬೆಯ ಹಾಗೆ ಮಸುಕಾಗಿ, ಐದು ಸೆಕೆಂಡಿನ ಮೇಲೆ ನಿಧಾನಕ್ಕೆ ಮೂಡುತ್ತದೆ. ಕಾರ್ಡಿನ ಮೆಮೊರಿ ತುಂಬಿದಾಗ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ಮದರ್‌ಬೋರ್ಡಿನ ದಾರಿಯಲ್ಲಿ ತರಿಸಿಕೊಳ್ಳಬೇಕು. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಯ ಮುಂದೆ ಹೊಲದ ಬದು ಇದ್ದ ಹಾಗೆ.

ಇಲ್ಲಿ ಇನ್ನೊಂದು ಗುಟ್ಟಿದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 5060, 5060 ಟಿಐ ಎರಡಕ್ಕೂ ಆ ದಾರಿಯಲ್ಲಿ ಎಂಟೇ ಲೇನ್. 9060 ಎಕ್ಸ್‌ಟಿಗೆ ಹದಿನಾರು. ಹೊಸ ಮದರ್‌ಬೋರ್ಡ್ ಇದ್ದರೆ ಎಂಟು ಲೇನೂ ಸಾಕು. ಆದರೆ ನಮ್ಮ ಹುಡುಗನ ಹತ್ತಿರ ಇದ್ದದ್ದು ಬಿ450 ಬೋರ್ಡು, ಅದರಲ್ಲಿ ಆ ದಾರಿ ಹಳೆಯ ಪಿಸಿಐಇ 3.0 ತಲೆಮಾರಿನದು. ಹಳೆಯ ಬೋರ್ಡು, ಎಂಟು ಲೇನು, ಮೇಲೆ 8 ಜಿಬಿ, ಮೂರೂ ಸೇರಿದರೆ ಮುಗಿಯಿತು ಕಥೆ. ನಮ್ಮಲ್ಲಿ ಬಿ450 ಇಟ್ಟುಕೊಂಡವರು ಎಷ್ಟು ಜನ ಇದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ಇಷ್ಟು ಎಳೆದು ಹೇಳುತ್ತಿದ್ದೇನೆ.

ಎಎಂಡಿಯವರೂ ಸಾಚಾ ಏನಲ್ಲ. 9060 ಎಕ್ಸ್‌ಟಿ ಹೆಸರಿನಲ್ಲೇ 8 ಜಿಬಿಯದ್ದನ್ನೂ ಮಾರುತ್ತಾರೆ. ಹಾಗಾಗಿ ಬಿಲ್ ಬರೆಸುವಾಗ ಜಿಬಿ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇನ್ನು ಎರಡನೇ ಹೆಸರು

ಚಿಪ್ ತೀರ್ಮಾನ ಆಯಿತು ಅಂದುಕೊಳ್ಳಿ. ಈಗ ಏಸಸ್ಸೋ, ಗಿಗಾಬೈಟೋ, ಸಫೈರೋ? ಇಲ್ಲಿ ನನ್ನ ಮಾತು ಒರಟಾಗಿ ಕೇಳಬಹುದು. ಅದೇ ಚಿಪ್ಪಿನ ಅಗ್ಗದ ಕಾರ್ಡಿಗೂ ದುಬಾರಿ ಕಾರ್ಡಿಗೂ ಆಟದಲ್ಲಿ ಎರಡು ಮೂರು ಪರ್ಸೆಂಟ್ ವ್ಯತ್ಯಾಸ, ಅಷ್ಟೇ. 60ಕ್ಕೆ ಬದಲು 61. ಒಸಿ (ಓವರ್‌ಕ್ಲಾಕ್, ಅಂದರೆ ಚಿಪ್ಪನ್ನು ಸ್ವಲ್ಪ ಜೋರಾಗಿ ಓಡಿಸುವುದು) ಅಂತ ಡಬ್ಬದ ಮೇಲೆ ಬರೆದದ್ದಕ್ಕೆ ಮೂರು ಸಾವಿರ ಕೊಡಬೇಡಿ.

ಪ್ರತಿ ಕಂಪನಿಯಲ್ಲೂ ಮೆಟ್ಟಿಲುಗಳಿವೆ. ಏಸಸ್‌ನಲ್ಲಿ ಡ್ಯುಯಲ್, ಪ್ರೈಮ್ ಕೆಳಗೆ, ಟಫ್ ನಡುವೆ, ಆರ್‌ಒಜಿ ತುದಿಗೆ. ಎಂಎಸ್‌ಐನಲ್ಲಿ ವೆಂಟಸ್, ಆಮೇಲೆ ಗೇಮಿಂಗ್ ಟ್ರಿಯೊ, ತುದಿಗೆ ಸುಪ್ರಿಮ್. ಗಿಗಾಬೈಟ್‌ನಲ್ಲಿ ವಿಂಡ್‌ಫೋರ್ಸ್, ಈಗಲ್, ಗೇಮಿಂಗ್ ಒಸಿ, ಆರಸ್. ಸಫೈರ್‌ನಲ್ಲಿ ಪಲ್ಸ್, ನೈಟ್ರೊ. ಏಸಸ್, ಗಿಗಾಬೈಟ್ ಎರಡೂ ಪಕ್ಷದವರ ಬಾಡಿ ಕಟ್ಟುತ್ತಾರೆ. ಸಫೈರ್, ಪವರ್‌ಕಲರ್, ಎಕ್ಸ್‌ಎಫ್‌ಎಕ್ಸ್ ಈಗ ಎಎಂಡಿ ಕಡೆ. ಝೋಟ್ಯಾಕ್, ಇನ್ನೊ3ಡಿ ಎನ್ವಿಡಿಯಾ ಕಡೆ. ಎಂಎಸ್‌ಐ ಈ ಸಲ 9000 ಸರಣಿಯ ಎಎಂಡಿ ಕಾರ್ಡು ಮಾಡಲೇ ಇಲ್ಲ. ಒಂದು ಕಾಲಕ್ಕೆ ವಾರಂಟಿಗೆ ಹೆಸರಾಗಿದ್ದ ಈವಿಜಿಎ 2022ರಲ್ಲಿ ಎನ್ವಿಡಿಯಾ ಜೊತೆ ಮುನಿಸಿಕೊಂಡು ಈ ವ್ಯಾಪಾರವನ್ನೇ ಬಿಟ್ಟಿತು.

160, 180 ವ್ಯಾಟಿನ ಕಾರ್ಡಿಗೆ ಕೆಳಗಿನ ಮೆಟ್ಟಿಲು ಸಾಕು. ಎರಡು ಫ್ಯಾನು ಆರಾಮವಾಗಿ ತಣ್ಣಗಿಡುತ್ತವೆ. 300 ವ್ಯಾಟ್ ದಾಟಿದರೆ ನಡುವಿನ ಮೆಟ್ಟಿಲಿಗೆ ದುಡ್ಡು ಹಾಕಿ, ಸದ್ದು ಕಡಿಮೆ ಇರುತ್ತದೆ. ತುದಿಯ ಮೆಟ್ಟಿಲು ಶೋಕಿ. ದುಬಾರಿ 5060 ಟಿಐಗೆ ಹಾಕುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಸಾದಾ 5070 ಬಂದುಬಿಡುತ್ತದೆ ಅಂದರೆ, ಇನ್ನೂ ಎರಡು ತಿಂಗಳು ದುಡ್ಡು ಕೂಡಿಟ್ಟು ಆ 5070 ತನ್ನಿ. ಲೈಟು ಬೇಕಿದ್ದರೆ ಎಲ್‌ಇಡಿ ಪಟ್ಟಿ ನೂರೈವತ್ತು ರೂಪಾಯಿಗೆ ಅದೇ ಬೀದಿಯಲ್ಲಿ ಸಿಗುತ್ತದೆ.

ರಾಯಚೂರು, ಕಲಬುರಗಿ ಕಡೆಯವರು ಒಂದು ಮೆಟ್ಟಿಲು ಮೇಲೆ ಹೋದರೆ ತಪ್ಪಿಲ್ಲ. ಬೇಸಗೆಯಲ್ಲಿ ಹೊರಗೇ 42 ಡಿಗ್ರಿ ಇದ್ದಾಗ ಕೋಣೆಯ ಗಾಳಿಯೇ ಬಿಸಿ, ಫ್ಯಾನು ಪಾಪ ಏನು ಮಾಡೀತು. ಅಲ್ಲಿ ಕಾರ್ಡಿಗಿಂತ ಮೊದಲು ಕ್ಯಾಬಿನೆಟ್ಟಿನ ಮುಂಭಾಗ ಜಾಲರಿ ಇರುವುದನ್ನು ತೆಗೆದುಕೊಳ್ಳಿ. ಮುಂದೆ ಗಾಜು ಮುಚ್ಚಿದ ಕ್ಯಾಬಿನೆಟ್ ನೋಡುವುದಕ್ಕೆ ಚೆಂದ, ಒಳಗೆ ಇಡ್ಲಿ ಬೇಯಿಸಬಹುದು. ಕರಾವಳಿಯವರಿಗೆ ಬೇರೆ ಕಾಟ, ತೇವ. ಮಳೆಗಾಲದಲ್ಲಿ ಕಂಪ್ಯೂಟರನ್ನು ತಿಂಗಳುಗಟ್ಟಲೆ ಸುಮ್ನೆ ಮುಚ್ಚಿಡಬೇಡಿ, ಎರಡು ದಿನಕ್ಕೊಮ್ಮೆಯಾದರೂ ಓಡಿಸಿ.

ಬಿಲ್ಲು, ಸೀರಿಯಲ್ ನಂಬರು, ನನ್ನ ಪೆದ್ದುತನ

ಬೋರ್ಡ್ ಕಂಪನಿ ಆರಿಸಲು ನನ್ನ ಮಟ್ಟಿಗೆ ಒಂದೇ ದೊಡ್ಡ ಅಳತೆ. ಕೆಟ್ಟರೆ ಎಲ್ಲಿಗೆ ಒಯ್ಯಬೇಕು? ಹೆಚ್ಚಿನ ಕಂಪನಿಗಳು ಇಲ್ಲಿ ಮೂರು ವರ್ಷ ವಾರಂಟಿ ಕೊಡುತ್ತವೆ. ಕೆಲವರು ಆನ್‌ಲೈನಿನಲ್ಲಿ ನೋಂದಾಯಿಸಿದರೆ ಇನ್ನೂ ವರ್ಷ ಸೇರಿಸುತ್ತಾರೆ, ಆದರೆ ಅದಕ್ಕೆ ಗಡುವು ಇರುತ್ತದೆ. ತಂದ ದಿನವೇ ಮಾಡಿ ಮುಗಿಸಿ. ನಿಮ್ಮ ಊರಿನ ಹೆಸರು ಹೇಳಿ, ಅಲ್ಲಿ ತೆಗೆದುಕೊಳ್ಳುತ್ತೀರಾ ಅಥವಾ ಬೆಂಗಳೂರಿಗೆ ಕೊರಿಯರ್ ಮಾಡಬೇಕಾ ಅಂತ ಕಂಪನಿಗೇ ಫೋನ್ ಮಾಡಿ ಕೇಳಿ. ಅಂಗಡಿಯವರು "ನಾನಿದ್ದೀನಿ ಸರ್" ಅಂತಾರೆ. ಇರುತ್ತಾರೆ, ಕೆಲವು ಸಲ.

ನನಗೆ ಬುದ್ಧಿ ಬಂದದ್ದು ಹೀಗೆ. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಬೇಡ ಅಂದರೆ ಎರಡು ಸಾವಿರ ಕಡಿಮೆ ಅಂದರು. ನಾನೂ ಜಾಣನ ಹಾಗೆ ತಲೆಯಾಡಿಸಿ ಒಂದು ಹಳದಿ ಚೀಟಿ ಇಸಿದುಕೊಂಡು ಬಂದೆ. ಎರಡು ವರ್ಷ ಚೆನ್ನಾಗಿ ಓಡಿತು. ಒಂದು ಸಂಜೆ ಕರೆಂಟ್ ಹೋಗಿ ಬಂದಾಗ ಫ್ಯಾನು ತಿರುಗಿತು, ಚಿತ್ರ ಬರಲಿಲ್ಲ. ಸರ್ವಿಸ್ ಸೆಂಟರಿನವರು ಸೀರಿಯಲ್ ನಂಬರ್ ಹಾಕಿ ನೋಡಿ, "ಇದು ಇಲ್ಲಿಗೆ ಅಂತ ಬಂದ ಪೀಸೇ ಅಲ್ಲ ಸರ್" ಅಂತ ಕಾರ್ಡನ್ನು ವಾಪಸ್ ಕೈಗಿಟ್ಟರು. ಅಂಗಡಿಗೆ ಹೋದೆ. ಅಲ್ಲಿ ಈಗ ಮೊಬೈಲ್ ಕವರ್ ಮಾರುತ್ತಿದ್ದರು. ಎರಡು ಸಾವಿರ ಉಳಿಸಲು ಹೋಗಿ ಕಳೆದದ್ದು ಇಪ್ಪತ್ತೆರಡು ಸಾವಿರ. ಹಾಗಾಗಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನ ನಂಬರು, ಕಾರ್ಡಿನ ಮೇಲಿನ ನಂಬರು ಎರಡೂ ಒಂದೇನಾ ಅಂತ ಕೌಂಟರಿನಲ್ಲೇ ನೋಡಿ. ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ಲಿನ ಅಕ್ಷರ ಎರಡು ವರ್ಷಕ್ಕೆ ಮಾಸಿಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಕೇಳುವವರಿಗೂ ಇದೇ. ವಾರಂಟಿ ಉಳಿದಿದ್ದು, ಮೂಲ ಬಿಲ್ ಕೊಟ್ಟರೆ ಸರಿ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ಇಥೀರಿಯಂ ಅನ್ನುವ ಡಿಜಿಟಲ್ ಹಣ ಗಳಿಸುವ ಮೈನಿಂಗ್ ನಿಂತಾಗ ರಾಶಿ ರಾಶಿ ಕಾರ್ಡು ಮಾರುಕಟ್ಟೆಗೆ ಬಂದವು, ಅವುಗಳಲ್ಲಿ ಕೆಲವು ಇನ್ನೂ ಕೈ ಬದಲಾಯಿಸುತ್ತಲೇ ಇವೆ. ಕೊಳ್ಳುವ ಮೊದಲು ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಹಾಕಿ ಚಿಪ್ ಹೆಸರು ನೋಡಿ, ಹಳೇ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವವರಿದ್ದಾರೆ. ಎದುರಿಗೇ ಅರ್ಧ ಗಂಟೆ ಆಟ ಓಡಿಸಿ. ಜಿಟಿಎಕ್ಸ್ 1060, 1070 ಎಷ್ಟು ಅಗ್ಗಕ್ಕೆ ಸಿಕ್ಕರೂ ಈಗ ಬೇಡ. 2025ರ ಅಕ್ಟೋಬರ್‌ಗೆ ಅವುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ ನಿಲ್ಲಿಸಿತು. ಅದೂ ಅಲ್ಲದೆ, ಕಾರ್ಡಿನಲ್ಲಿ ರೇ ಟ್ರೇಸಿಂಗ್ ಇಲ್ಲದಿದ್ದರೆ ಶುರುವೇ ಆಗದ ಆಟಗಳು ಬರತೊಡಗಿವೆ, 2025ರ ಡೂಮ್ ಅಂಥದ್ದೇ.

ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬಗ್ಗೆ ಒಂದು ಮಾತು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದರ ಮೇಲೆ 500 ವ್ಯಾಟ್ ಅಂತ ಬರೆದಿದ್ದರೂ ನಂಬಬೇಡಿ. ಒಳ್ಳೆಯ ಕಂಪನಿಯ 550 ವ್ಯಾಟ್ ಇದ್ದರೆ 9060 ಎಕ್ಸ್‌ಟಿ ಥರದ ಕಾರ್ಡಿಗೆ ಧಾರಾಳ. 12 ವೋಲ್ಟಿನ ಹದಿನಾರು ಪಿನ್ನಿನ ಹೊಸ ಕನೆಕ್ಟರ್ 4090, 5090ರಲ್ಲಿ ಕರಗಿದ ಸುದ್ದಿ ಓದಿರುತ್ತೀರಿ. ಸಣ್ಣ ಕಾರ್ಡಿನಲ್ಲಿ ಅಷ್ಟು ಕರೆಂಟ್ ಹರಿಯುವುದಿಲ್ಲ, ಆದರೂ ಕನೆಕ್ಟರ್ ಯಾವುದೇ ಇರಲಿ, ಕಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಹಾಗೇ ಕ್ಯಾಬಿನೆಟ್ಟಿನ ಒಳಗಿನ ಉದ್ದ ಅಳೆಯಿರಿ. ಚಿಕ್ಕಮ್ಮ ಹೊಲಿಗೆ ಮಿಷನ್ ಡ್ರಾಯರಿನಿಂದ ಟೇಪು ತೆಗೆದು, ಫೋನ್ ಕಿವಿಗಿಟ್ಟುಕೊಂಡೇ ಅಳೆದು "ಇಪ್ಪತ್ತೇಳು ಸೆಂಟಿಮೀಟರ್ ಇದೆಯಪ್ಪ" ಅಂದರು. ಆ ಮೂರು ಫ್ಯಾನಿನ ಕಾರ್ಡ್ ಮೂವತ್ತು. ಹಿಡಿಯುತ್ತಲೇ ಇರಲಿಲ್ಲ!

ಕೊನೆಗೆ ಹುಡುಗ ಒಯ್ದದ್ದು ಎರಡು ಫ್ಯಾನಿನ 9060 ಎಕ್ಸ್‌ಟಿ, 16 ಜಿಬಿ. ಎನ್ವಿಡಿಯಾ ಬೇಕು ಅಂದವನಿಗೆ ಸ್ವಲ್ಪ ಮುಖ ಸಣ್ಣದಾಗಿತ್ತು, ಉಳಿದ ದುಡ್ಡಲ್ಲಿ ಹೆಡ್‌ಸೆಟ್ ಬಂದ ಮೇಲೆ ಸರಿಹೋದ. ಕಾರ್ಡು ಬಾಗದ ಹಾಗೆ ಕೆಳಗೆ ಊರುಗೋಲು ಕೊಡು ಅಂದಿದ್ದೆ. ಚೆಸ್ ಡಬ್ಬಿಯಿಂದ ಆನೆ ತೆಗೆದು ನಿಲ್ಲಿಸಿದನಂತೆ, ಅಳತೆ ಮಾಡಿಸಿದ ಹಾಗೆ ಕೂತಿತಂತೆ.

ರಾತ್ರಿ ಹತ್ತೂವರೆಗೆ ಫೋನು. "ಅಣ್ಣಾ, ಮೋಸ ಹೋದ್ವಿ. ಫ್ಯಾನೇ ತಿರುಗ್ತಿಲ್ಲ!"

"ಆಟ ಹಾಕಿದೀಯಾ?"

"ಇಲ್ಲ, ಇನ್ನೂ ಡೌನ್‌ಲೋಡ್ ಆಗ್ತಾ ಇದೆ."

ಕೆಲಸ ಇಲ್ಲದಾಗ, ಬಿಸಿ ಇಲ್ಲದಾಗ ಈಗಿನ ಕಾರ್ಡುಗಳು ಫ್ಯಾನ್ ನಿಲ್ಲಿಸಿಬಿಡುತ್ತವೆ, ಅದು ದೋಷವಲ್ಲ. ಆಟ ಶುರು ಮಾಡಿ ಐದು ನಿಮಿಷ ಬಿಟ್ಟು ನೋಡು ಅಂದೆ. ಅವನು ಮತ್ತೆ ಫೋನ್ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಮಾಡಿದರು, ಹುಡುಗ ಮೂರು ಗಂಟೆಯಾದರೂ ಮಲಗಲಿಲ್ಲ ಅಂತ ನನಗೇ ಬೈಯ್ಯಲಿಕ್ಕೆ.